ಬೆಳಗಾವಿ ಕಡೆ ಆರ್ಮಿ ಟ್ರೈನಿಂಗ್ ಅಕಾಡೆಮಿಲಿ 4 ತಿಂಗಳು ಇದ್ದೆ, ಸೇರೋ ಯೋಚನೆ ಇರೋರು ಓದಿ

ನಾನು ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ಕಡೆಯೋನು, ಪಿಯುಸಿ ಆದ್ಮೇಲೆ ಅಗ್ನಿವೀರ್ ಜಿಡಿಗೆ (ಜನರಲ್ ಡ್ಯೂಟಿ, ಅಂದ್ರೆ ಆರ್ಮಿಲಿ ಸಾಮಾನ್ಯ ಸೈನಿಕ) ಟ್ರೈ ಮಾಡ್ಬೇಕು ಅಂತ ಡಿಸೆಂಬರ್ ಕೊನೇಲಿ ಬೆಳಗಾವಿ ಜಿಲ್ಲೆ ಒಂದು ತಾಲ್ಲೂಕಿನ ರೆಸಿಡೆನ್ಷಿಯಲ್ ಅಕಾಡೆಮಿಗೆ ಸೇರಿ ಏಪ್ರಿಲ್ ಕೊನೇವರೆಗೆ ಇದ್ದೆ. ಊಟ ವಸತಿ ಸೇರಿ ತಿಂಗಳಿಗೆ 8,500, ಸೇರುವಾಗ ಅಡ್ಮಿಶನ್ ಅಂತ ಬೇರೆ 3,000 ತಗೊಂಡ್ರು. ಅಕಾಡೆಮಿ ಹೆಸರು ಹಾಕಲ್ಲ, ಯಾಕಂದ್ರೆ ನನ್ನನ್ನ ಓಡೋ ಹಾಗೆ ಮಾಡಿದ ಉಸ್ತಾದ್ (ಗ್ರೌಂಡ್ ಟ್ರೈನರ್) ಇನ್ನೂ ಅಲ್ಲೇ ಕೆಲಸ ಮಾಡ್ತಿದಾರೆ, ಅವರಿಗೆ ತೊಂದ್ರೆ ಆಗೋದು ನನಗೆ ಬೇಡ. ಹೆಸರು ಇಲ್ದೇ ಇದ್ರೂ ಇದು ನಿಮಗೆ ಉಪಯೋಗ ಆಗುತ್ತೆ, ಈ ಥರ ಅಕಾಡೆಮಿಗಳು ಆ ಕಡೆ ಸುಮಾರು ಇವೆ, ಒಳ್ಳೇದು ಕೆಟ್ಟದು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ ಅಂತ ಬೇರೆ ಕಡೆ ಇದ್ದ ಹುಡುಗರೂ ಹೇಳಿದ್ರು. ಮೊದಲೇ ಹೇಳ್ಬಿಡ್ತೀನಿ, ಗ್ರೌಂಡಿಗೆ 5ಕ್ಕೆ 5 ಕೊಡ್ತೀನಿ, ಊಟಕ್ಕೆ 2, ನಿದ್ದೆಗೆ 1, ಆಫೀಸಿಗೆ ಸೊನ್ನೆ.

ಗೇಟಲ್ಲೇ ದೊಡ್ಡ ಬೋರ್ಡು, 100% ಸೆಲೆಕ್ಷನ್ ಗ್ಯಾರಂಟಿ ಅಂತ. ಇದನ್ನ ನಂಬಿ ದುಡ್ಡು ಕಟ್ಬೇಡಿ. ಆರ್ಮಿ ಭರ್ತಿಗೆ ಮೊದ್ಲು ಕಂಪ್ಯೂಟರಲ್ಲಿ ಕಾಮನ್ ಎಂಟ್ರೆನ್ಸ್ ಎಕ್ಸಾಮ್, ಅದು ಪಾಸಾದ್ರೆ ರ‍್ಯಾಲಿ, ಅಲ್ಲಿ ಫಿಸಿಕಲ್, ಅಳತೆ, ಮೆಡಿಕಲ್, ಆಮೇಲೆ ಮೆರಿಟ್ ಲಿಸ್ಟ್. ಇದ್ರಲ್ಲಿ ಯಾವುದನ್ನೂ ಯಾವ ಅಕಾಡೆಮಿನೂ ನಿಮಗೆ ಕೊಡ್ಸೋಕೆ ಆಗಲ್ಲ, ಯಾರಾದ್ರೂ ಒಳಗೆ ಜನ ಇದಾರೆ ಅಂತ ದುಡ್ಡು ಕೇಳಿದ್ರೆ ಅವನು ಮೋಸಗಾರ ಅಷ್ಟೇ. ಅಕಾಡೆಮಿ ಕೊಡೋಕೆ ಆಗೋದು ಒಂದೇ, ತಯಾರಾಗಿರೋ ಮೈ. ಅದಕ್ಕೇ ನಾನು ರಿವ್ಯೂನೂ ಅದೊಂದನ್ನ ಇಟ್ಕೊಂಡೇ ಬರೀತಿದೀನಿ, ಇವರು ನಮ್ಮ ಮೈನ ಹೇಗೆ ತಯಾರು ಮಾಡಿದ್ರು, ಎಲ್ಲಿ ಕೆಡಿಸಿದ್ರು ಅಂತ.

ಮೊದಲನೇ ದಿನದ್ದು ನನಗೆ ತುಂಬಾ ಇಷ್ಟ ಆಯ್ತು. ಉಸ್ತಾದ್ ಅಂದ್ರೆ ರಿಟೈರ್ಡ್ ಹವಾಲ್ದಾರ್, ಪುಣೆಲಿ ಆರ್ಮಿದೇ ಫಿಸಿಕಲ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಇದೆಯಲ್ಲ ಅಲ್ಲಿ ಪಿಟಿ ಕೋರ್ಸ್ ಮಾಡಿ ಬಂದಿರೋರು. ಅವರು ಓಡ್ಸೋಕೆ ಮುಂಚೆ ಬಚ್ಚಲಿಗೆ ಕರ್ಕೊಂಡೋಗಿ ಕಾಲು ಒದ್ದೆ ಮಾಡ್ಸಿ ಒಣ ಸಿಮೆಂಟ್ ಮೇಲೆ ನಡೆಸಿದ್ರು. ಪಾದದ ಗುರುತು ನಡುವೆ ಬಿಲ್ಲಿನ ಥರ ಖಾಲಿ ಬಿಟ್ಟಿದ್ರೆ ಸರಿ, ಇಡೀ ಪಾದ ರೊಟ್ಟಿ ಥರ ಮೂಡಿದ್ರೆ ಅದು ಫ್ಲಾಟ್ ಫೂಟ್. ಆಮೇಲೆ ಎರಡೂ ಮಂಡಿ ಸೇರ್ಸಿ ನಿಲ್ಲಿಸಿ ಹಿಮ್ಮಡಿ ಮಧ್ಯೆ ಎಷ್ಟು ಗ್ಯಾಪ್ ಬರುತ್ತೆ ನೋಡಿದ್ರು, ಮೊಣಕೈ ನೋಡಿದ್ರು, ಕಾಲಿನ ಹಿಂದೆ ನರ ಉಬ್ಬಿದೆಯಾ ನೋಡಿದ್ರು, ಕಿವಿಗೆ ಟಾರ್ಚ್ ಬಿಟ್ರು. ಎತ್ತರ ಅಳೆದ್ರು, ನಮ್ಮ ಕರ್ನಾಟಕದವರಿಗೆ ಜಿಡಿಗೆ 166 ಸೆಂಟಿಮೀಟರ್ ಬೇಕು, ಎದೆ 77, ಉಸಿರು ತುಂಬಿದಾಗ ಇನ್ನೂ 5 ಹಿಗ್ಗಬೇಕು. ನಂದು 169 ಎತ್ತರ, ಎದೆ ಮಾತ್ರ 76 ಇದ್ದು 80ಕ್ಕೆ ನಿಲ್ತಿತ್ತು. ಆ ದಿನ ಇಬ್ಬರು ಹುಡುಗರಿಗೆ, ತಮ್ಮಾ ನೀ ಮೊದಲ ಎಲುಬಿನ ಡಾಕ್ಟರಿಗೆ ತೋರ್ಸು, ಮಂಡಿ ಕೂಡ್ತಾವ, ಇಲ್ಲಿ ರೊಕ್ಕಾ ಹಾಕಿ ಆಮ್ಯಾಲ ಮೆಡಿಕಲ್‌ನಾಗ ಹೋತಂದ್ರ ಮನಿಯಾಗ ಏನ್ ಹೇಳ್ತಿ ಅಂತ ಹೇಳಿ ವಾಪಸ್ ಕಳಿಸಿದ್ರು. ಆಫೀಸಿನವರಿಗೆ ಅದು ಇಷ್ಟ ಆಗ್ಲಿಲ್ಲ ಅಂತ ಅವರ ಮುಖದಲ್ಲೇ ಗೊತ್ತಾಗ್ತಿತ್ತು. ನೀವು ಎಲ್ಲೇ ಸೇರಿ, ಈ ಚೆಕಪ್ ಮಾಡ್ದೇ ಫೀಸ್ ತಗೋತಾರೆ ಅಂದ್ರೆ ಅಲ್ಲಿಂದ ಹೊರಡಿ.

ಆಮೇಲೆ 1600 ಮೀಟರ್ ಟ್ರಯಲ್, ನಂದು 6 ನಿಮಿಷ 52 ಸೆಕೆಂಡ್ ಬಂತು. ಬೀಮ್ (ಕಂಬಿ ಹಿಡಿದು ನೇತಾಡಿ ಮೈ ಮೇಲೆತ್ತೋ ಪುಲ್‌ಅಪ್) 3 ಹೊಡೆದೆ, ಅದ್ರಲ್ಲಿ ಮೂರನೇದು ಗದ್ದ ಮೇಲೆ ಬಂದಿಲ್ಲ ಅಂತ ಉಸ್ತಾದ್ ಲೆಕ್ಕಕ್ಕೆ ತಗೊಂಡಿಲ್ಲ. ಗೊತ್ತಿಲ್ದೋರಿಗೆ ಹೇಳ್ತೀನಿ, ರ‍್ಯಾಲಿಲಿ 5 ನಿಮಿಷ 30 ಸೆಕೆಂಡ್ ಒಳಗೆ ಬಂದ್ರೆ 60 ಮಾರ್ಕ್ಸ್, 5.45 ಒಳಗೆ 48. ಮುಂಚೆ ಅಲ್ಲಿಗೇ ನಿಲ್ಲಿಸಿಬಿಡ್ತಿದ್ರು, 2025ರ ನೋಟಿಫಿಕೇಶನಿಂದ 6 ನಿಮಿಷಕ್ಕೆ 36, 6.15ಕ್ಕೆ 24 ಅಂತ ಇನ್ನೆರಡು ಗ್ರೂಪ್ ಸೇರಿಸಿದಾರೆ. ಬೀಮ್ 10ಕ್ಕೆ 40 ಮಾರ್ಕ್ಸ್, 6 ಹೊಡೆದ್ರೆ ಬರೀ 16. 9 ಅಡಿ ಹಳ್ಳ ಹಾರೋದು, ಜಿಗ್‌ಜಾಗ್ ಬ್ಯಾಲೆನ್ಸ್ ಮೇಲೆ ನಡೆಯೋದು ಪಾಸಾದ್ರೆ ಸಾಕು, ಮಾರ್ಕ್ಸ್ ಇಲ್ಲ. ಎಲ್ಲಾ ಸೇರಿ 100.

ಇಲ್ಲಿ ನಾನು ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಇದೇ ಮುಖ್ಯ. ನಾನು ಅಂದ್ಕೊಂಡಿದ್ದು ದಿನಾ ಸಾಯೋ ಹಾಗೆ 1600 ಓಡಿಸ್ತಾರೆ ಅಂತ, ಊರಲ್ಲಿ ನಾವು ಹಾಗೇ ಮಾಡ್ತಿದ್ವಿ, ಕೆರೆ ಏರಿ ಮೇಲೆ ದಿನಾ ಫುಲ್ ಸ್ಪೀಡು, ನಾಲ್ಕನೇ ದಿನಕ್ಕೆ ಕಾಲು ನೋವು ಅಂತ ಒಂದು ವಾರ ರಜ, ಮತ್ತೆ ಶುರು. ಉಸ್ತಾದ್ ಮೊದಲ ಮೂರು ವಾರ ಸ್ಪೀಡ್ ಓಟಕ್ಕೆ ಬಿಡ್ಲೇ ಇಲ್ಲ. ಬೆಳಿಗ್ಗೆ ನಿಧಾನವಾಗಿ 3 ಕಿಲೋಮೀಟರ್, ಮಧ್ಯದಲ್ಲಿ ನಡೆಯೋದು, ಮತ್ತೆ ಓಡೋದು. ಪಕ್ಕದಲ್ಲಿ ಓಡ್ಕೊಂಡು ಬಂದು ನಿನ್ನ ಹೆಸರು, ತಂದಿ ಹೆಸರು, ಊರು, ತಾಲ್ಲೂಕು, ಜಿಲ್ಲಾ ಹೇಳು ಅಂತಿದ್ರು, ಒಂದೇ ಉಸಿರಿಗೆ ಹೇಳೋಕೆ ಆಗ್ಲಿಲ್ಲ ಅಂದ್ರೆ ಸ್ಪೀಡ್ ಜಾಸ್ತಿ ಆಯ್ತು ಇಳಿಸು ಅಂತ. ನಮಗೆಲ್ಲ ಸಿಟ್ಟು, 8,500 ಕೊಟ್ಟು ಜಾಗಿಂಗ್ ಮಾಡೋಕೆ ಬಂದಿದೀವಾ ಅಂತ ರೂಮಲ್ಲಿ ಮಾತಾಡ್ಕೋತಿದ್ವಿ. ಒಬ್ಬ ಕೇಳೂ ಬಿಟ್ಟ. ಆಗ ಅವರು ಕೂರಿಸಿ ಹೇಳಿದ್ರು, ಉಸಿರಾಟ ಎರಡು ಮೂರು ವಾರದಾಗ ಸುಧಾರಸ್ತೈತಿ, ಮಾಂಸಖಂಡ ಒಂದ್ ತಿಂಗಳಾದಮ್ಯಾಲೆ, ಎಲುಬಿಗೆ ತಿಂಗಳುಗಟ್ಟಲೆ ಬೇಕು, ನಿನ್ನ ಉಸಿರು ಓಡು ಅಂತೈತಿ, ಎಲುಬು ಇನ್ನೂ ತಯಾರಾಗಿಲ್ಲ, ಆ ಗ್ಯಾಪ್‌ನಾಗ ಮುರೀತೈತಿ. ಹೊಸದಾಗಿ ಓಡೋಕೆ ಶುರು ಮಾಡಿದಾಗ ಮೂಳೆ ಹಳೇದನ್ನ ಮೊದ್ಲು ಕರಗಿಸಿ ಆಮೇಲೆ ಹೊಸದು ಕಟ್ಟುತ್ತಂತೆ, ಮನೆ ರಿಪೇರಿ ಮಾಡುವಾಗ ಹಳೆ ಗೋಡೆ ಕೆಡವಿ ಕಟ್ತೀವಲ್ಲ ಹಾಗೆ. ಅದಕ್ಕೇ ಮೊದಲ ಒಂದೂವರೆ ಎರಡು ತಿಂಗಳಲ್ಲೇ ಹೊಸದಾಗಿ ಸೇರಿದ ರಂಗರೂಟ್‌ಗಳ ಕಾಲು ಜಾಸ್ತಿ ಹೋಗೋದು, ಮಿಲಿಟರಿ ಟ್ರೈನಿಂಗ್ ಸೆಂಟರ್‌ಗಳಲ್ಲೂ ಇದೇ ಕಥೆ ಅಂತ ಹೇಳಿದ್ರು.

ಅವರ ಮಾತು ಕೇಳದ ಹುಡುಗ ಒಬ್ಬ ಇದ್ದ, ನನ್ನ ಪಕ್ಕದ ಬೆಡ್ಡು. ಅವನು ಮಧ್ಯಾಹ್ನ ಎಲ್ಲರೂ ಮಲಗಿದಾಗ ಹೋಗಿ ಡಾಂಬರ್ ರೋಡಲ್ಲಿ 5 ಕಿಲೋಮೀಟರ್ ಎಕ್ಸ್‌ಟ್ರಾ ಓಡ್ತಿದ್ದ, ಅವನಿಗೆ ಮನೇಲಿ ತುಂಬಾ ಕಷ್ಟ, ಇದೇ ಲಾಸ್ಟ್ ಚಾನ್ಸು. ಐದನೇ ವಾರಕ್ಕೆ ಮೊಣಕಾಲು ಕೆಳಗೆ ನೋವು. ನಮಗೆಲ್ಲ ಮೊಣಕಾಲು ಕೆಳಗೆ ಮುಂದಿನ ಮೂಳೆ ನೋವು ಇತ್ತು, ಆದ್ರೆ ನಮ್ಮದು ಮೂಳೆ ಉದ್ದಕ್ಕೂ ಹರಡ್ಕೊಂಡಿರೋ ನೋವು, ಓಡೋಕೆ ಶುರು ಮಾಡಿ ಮೈ ಬಿಸಿ ಆದ್ಮೇಲೆ ಕಮ್ಮಿ ಆಗ್ತಿತ್ತು. ಅವನದ್ದು ಒಂದೇ ಬೆರಳಿಟ್ಟು ತೋರ್ಸೋ ಜಾಗ, ಓಡಿದಷ್ಟೂ ಜಾಸ್ತಿ, ರಾತ್ರಿ ಮಲಗಿದಾಗ್ಲೂ ನೋವು. ಎಕ್ಸ್‌ರೇಲಿ ಏನೂ ಕಾಣ್ಲಿಲ್ಲ, ಏನಿಲ್ಲ ಅಂತ ಮತ್ತೆ ಓಡಿದ, ಆಮೇಲೆ ಎಂಆರ್‌ಐಲಿ ಸ್ಟ್ರೆಸ್ ಫ್ರಾಕ್ಚರ್ ಅಂತ ಬಂತು. ಶುರುವಿನ ವಾರಗಳಲ್ಲಿ ಎಕ್ಸ್‌ರೇಲಿ ಇದು ಕಾಣದೇ ಇರೋದು ಮಾಮೂಲು ಅಂತ ಡಾಕ್ಟರ್ ಹೇಳಿದ್ರಂತೆ. ಅವನು ಟ್ರಂಕ್ ಹೊತ್ಕೊಂಡು ಕುಂಟ್ಕೊಂಡು ಬಸ್ ಹತ್ತಿದ ದಿನ ನಾವ್ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ಹುಡುಗರೇ, ಒಂದೇ ಪಾಯಿಂಟಲ್ಲಿ ನೋವು ಇದ್ರೆ ದಯವಿಟ್ಟು ನಿಲ್ಲಿಸಿ, ಪೇನ್ ಕಿಲ್ಲರ್ ನುಂಗಿ ಓಡ್ಬೇಡಿ.

ನಾಲ್ಕನೇ ವಾರದಿಂದ ಅಸಲಿ ಟ್ರೈನಿಂಗ್ ಶುರು ಆಯ್ತು. ವಾರಕ್ಕೆ ಎರಡೇ ದಿನ ಜೋರು, ಒಂದಿನ 400 ಮೀಟರ್ ಆರು ಸಲ ಮಧ್ಯದಲ್ಲಿ ರೆಸ್ಟ್ ಕೊಟ್ಟು, ಇನ್ನೊಂದಿನ ಹತ್ರದ ಗುಡ್ಡ ಹತ್ತಿ ಓಡೋದು, ಉಳಿದ ದಿನ ನಿಧಾನ ಓಟ, ಭಾನುವಾರ ಬಟ್ಟೆ ಒಗೆಯೋದು ಬಿಟ್ರೆ ಏನೂ ಇಲ್ಲ. ಟ್ರಯಲ್ ಎರಡು ವಾರಕ್ಕೊಂದು ಸಲ ಅಷ್ಟೇ. ಲೆಕ್ಕಾನೂ ಕಲಿಸಿದ್ರು, 5.30ಕ್ಕೆ ಬರ್ಬೇಕು ಅಂದ್ರೆ 400ರ ಒಂದೊಂದು ರೌಂಡು 82 ಸೆಕೆಂಡ್ ಚಿಲ್ಲರೆ. ನಾವು ಮೊದಲ ರೌಂಡ್ 70ಕ್ಕೆ ಓಡಿ ಮೂರನೇ ರೌಂಡಲ್ಲಿ 100ಕ್ಕೆ ಬೀಳ್ತಿದ್ವಿ, ಎಲ್ಲರೂ ಮಾಡೋ ತಪ್ಪು ಇದೇ. ಮೂರನೇ ರೌಂಡ್ ಓಡೋಕೆ ಕಲ್ತೋನಿಗೆ ನಾಲ್ಕನೇದು ತಾನೇ ಬರ್ತೈತಿ ಅನ್ನೋರು, ನಿಜ, ಅದು ನನಗೆ ಮಾರ್ಚಲ್ಲಿ ಅರ್ಥ ಆಯ್ತು, 6 ನಿಮಿಷ ಒಡೆದು 5.52 ಬಂದ ದಿನ. ಬೀಮಿಗೂ ಹಾಗೇ, ಆಗದವರನ್ನ ಬೈದು ನೇತಾಡ್ಸಲಿಲ್ಲ, ಸ್ಟೂಲ್ ಮೇಲೆ ಹತ್ತಿ ಗದ್ದ ಮೇಲಿಟ್ಟು ಐದು ಎಣಿಸ್ತಾ ನಿಧಾನವಾಗಿ ಇಳಿಯೋಕೆ ಹೇಳ್ತಿದ್ರು, ಇಳಿಯೋ ಶಕ್ತಿ ಬಂದ್ರೆ ಏರೋ ಶಕ್ತಿ ಬರುತ್ತೆ. ದಿನ ಬಿಟ್ಟು ದಿನ. 3 ಇದ್ದಿದ್ದು ಎರಡು ತಿಂಗಳಿಗೆ 7 ಆಯ್ತು, ನಾಲ್ಕು ತಿಂಗಳಿಗೆ 10, ದಂಡ ಮತ್ತು ಪುಷ್‌ಅಪ್‌ನಿಂದ ಎದೆನೂ 78 ಇದ್ದು 83ಕ್ಕೆ ಹೋಗ್ತಿತ್ತು. ಹಳ್ಳ ಹಾರೋದು, ಬ್ಯಾಲೆನ್ಸು ಎಲ್ಲಾ ಸುಲಭ, ನಾಲ್ಕು ದಿನದ ಪ್ರಾಕ್ಟೀಸು.

ಈಗ ಊಟ. ಮೆಸ್ ನೋಡಿದ್ರೆ ಹೊಟ್ಟೆ ತುಂಬ ಹಾಕ್ತಾರೆ, ಅದ್ರಲ್ಲಿ ಸುಳ್ಳಿಲ್ಲ, ಎಷ್ಟು ಕೇಳಿದ್ರೂ ಅನ್ನ ಕೊಡ್ತಾರೆ. ಆದ್ರೆ ಬರೀ ಅನ್ನ. ಬೆಳಿಗ್ಗೆ ಅವಲಕ್ಕಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಅನ್ನ ನೀರು ಸಾರು, ರಾತ್ರಿ ಚಪಾತಿ ಆಲೂಗಡ್ಡೆ, ವಾರಕ್ಕೆ ಎರಡು ದಿನ ತಲಾ ಎರಡು ಮೊಟ್ಟೆ. ಇಷ್ಟು ಓಡೋ ಹುಡುಗರಿಗೆ ಮೈ ತೂಕದ ಒಂದು ಕೆಜಿಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು, ನಾನು 54 ಕೆಜಿ ಇದ್ದೆ, ಅಂದ್ರೆ ದಿನಕ್ಕೆ ಹೆಚ್ಚುಕಮ್ಮಿ 75 ಗ್ರಾಂ. ಮೆಸ್ ಊಟದಲ್ಲಿ ಲೆಕ್ಕ ಹಾಕಿದ್ರೆ ಅದ್ರ ಹತ್ರಕ್ಕೂ ಬರ್ತಿರ್ಲಿಲ್ಲ. ಎರಡನೇ ತಿಂಗಳು 54 ಇದ್ದೋನು 52ಕ್ಕೆ ಇಳಿದೆ, ಸಂಜೆ ಆದ್ರೆ ತೊಡೆ ಎಳೆತ, ಮೆಟ್ಟಿಲು ಹತ್ತೋಕೆ ಆಗ್ತಿರ್ಲಿಲ್ಲ. ಆಫೀಸಲ್ಲಿ ಹೇಳಿದ್ರೆ ಅವರದ್ದೇ ಪ್ರೋಟೀನ್ ಪೌಡರ್ ಡಬ್ಬ ತಗೋ ಅಂತ, 3,200 ರೂಪಾಯಿ, ಮೇಲೆ ಯಾವ ಲೈಸೆನ್ಸ್ ನಂಬರ್ರೂ ಸರಿಯಾಗಿ ಇರ್ಲಿಲ್ಲ. ತಗೊಂಡೋರೇ ಚೆನ್ನಾಗಿ ಓಡೋದು ಅಂತ ಕ್ಲಾಸಲ್ಲೇ ಹೇಳ್ತಿದ್ರು, ನಮ್ಮ ಅಪ್ಪ ಅಮ್ಮಂದಿರು ಕೊಬ್ಬರಿ ಸುಲಿದು ಕಳಿಸೋ ದುಡ್ಡು ಅದು, ನನಗೆ ಇವತ್ತಿಗೂ ಈ ವಿಷಯಕ್ಕೆ ಹೊಟ್ಟೆ ಉರಿಯುತ್ತೆ.

ನಾವು ನಾಲ್ಕು ಜನ ಸೇರಿ ಬೇರೆ ದಾರಿ ಮಾಡ್ಕೊಂಡ್ವಿ. ಸಂತೆಲಿ ಶೇಂಗಾ, ಕಡಲೆಕಾಳು ತಂದು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿನ್ನೋದು, ಪಕ್ಕದ ಮನೆ ಅಜ್ಜಿ ಹತ್ರ ಎಮ್ಮೆ ಹಾಲು ಕಾಲು ಲೀಟರ್, ದಿನಕ್ಕೆ ನಾಲ್ಕು ಮೊಟ್ಟೆ ಬೇಯಿಸಿಕೊಂಡು. ಒಂದು ಮೊಟ್ಟೆಲಿ 6 ಗ್ರಾಂ ಪ್ರೋಟೀನ್, 100 ಗ್ರಾಂ ಶೇಂಗಾದಲ್ಲಿ 25, ಒಂದು ಹಿಡಿ ತಿಂದ್ರೂ ಸುಮಾರು ಸಿಕ್ತು. ಆ ಅಜ್ಜಿ ಒಂದೊಂದು ದಿನ ಬಿಸಿ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಕೊಡ್ತಿದ್ರು, ದುಡ್ಡು ತಗೊಳ್ಳೋರಲ್ಲ, ನೌಕರಿ ಹತ್ತಿದ ಮ್ಯಾಲೆ ಬಂದು ಮುಖ ತೋರ್ಸು ಅಂತಿದ್ರು. ಅಮ್ಮ ಊರಿಂದ ಹುರಿದ ರಾಗಿ ಹಿಟ್ಟು ಕಳ್ಸಿದ್ರು, ಹಾಲಿಗೆ ಬೆಲ್ಲ ಹಾಕಿ ಕಲಸ್ಕೊಂಡು ಕುಡೀತಿದ್ವಿ. ಮೂಳೆಗೆ ಬೇಕಾದ ಕ್ಯಾಲ್ಸಿಯಂ ರಾಗಿಲಿ ಇರೋಷ್ಟು ಬೇರೆ ಯಾವ ಧಾನ್ಯದಲ್ಲೂ ಇಲ್ಲ, 100 ಗ್ರಾಂಗೆ 300 ಮಿಲಿಗ್ರಾಂ ಮೇಲೆ ಇರುತ್ತೆ, ನಾವು ಮುದ್ದೆ ತಿಂದು ಬೆಳೆದೋರು ಅದನ್ನ ಬಿಟ್ಟು ಡಬ್ಬ ಹುಡುಕ್ತೀವಿ. ತಿಂಗಳಿಗೆ ಒಬ್ಬೊಬ್ಬರಿಗೆ ಸಾವಿರದ ಇನ್ನೂರು ರೂಪಾಯಿ ಒಳಗೆ ಮುಗೀತಿತ್ತು, ಮಾರ್ಚ್ ಕೊನೆಗೆ ನಾನು 56 ಕೆಜಿ. ಇನ್ನೊಂದು, ಓಡಿ ಬಂದು ಒಂದು ಗಂಟೆ ಒಳಗೆ ಏನಾದ್ರೂ ತಿನ್ನಿ, ಅಲ್ಲಿ 7.30ಕ್ಕೆ ಗ್ರೌಂಡ್ ಮುಗಿದ್ರೆ ತಿಂಡಿ 9.30ಕ್ಕೆ, ಆ ಎರಡು ಗಂಟೆ ಹಸ್ಕೊಂಡು ಕೂರೋದು ತುಂಬಾ ಕೆಟ್ಟದ್ದು. ನಮ್ಮ ಶೇಂಗಾ ಬೆಲ್ಲ ಬಾಳೆಹಣ್ಣು ಆವಾಗ್ಲೇ ಖಾಲಿ ಆಗ್ತಿದ್ದದ್ದು.

ನೀರಿನ ವಿಷಯಕ್ಕೆ ಬಂದ್ರೆ ಗ್ರೌಂಡಲ್ಲಿ ಒಂದೇ ಡ್ರಮ್ಮು, ಒಂದೇ ಲೋಟ, 60 ಹುಡುಗರು. ಓಡುವಾಗ ನೀರು ಕುಡಿದ್ರೆ ಹೊಟ್ಟೆ ಹಿಡಿಯುತ್ತೆ ಅಂತ ಜೂನಿಯರ್ ಟ್ರೈನರ್ ಕುಡಿಯೋಕೇ ಬಿಡ್ತಿರ್ಲಿಲ್ಲ. ಮಾರ್ಚ್ ಎರಡನೇ ವಾರ ಉಸ್ತಾದ್ ರಜದಲ್ಲಿದ್ದಾಗ ಇವನು ಬೆಳಿಗ್ಗೆ 10 ಗಂಟೆ ಬಿಸಿಲಲ್ಲಿ ಓಡಿಸ್ದ, ಹೊಸದಾಗಿ ಬಂದು ಮೂರೇ ದಿನ ಆಗಿದ್ದ ಹುಡುಗ ಒಬ್ಬ ಓಡ್ತಾ ಓಡ್ತಾ ಅಡ್ಡಾದಿಡ್ಡಿ ಹೋಗೋಕೆ ಶುರು ಮಾಡ್ದ, ಏನೇನೋ ಸಂಬಂಧ ಇಲ್ದೇ ಇರೋ ಮಾತು, ಆಮೇಲೆ ಬಿದ್ದ, ಮೈ ಕೆಂಡ. ಉಸ್ತಾದ್ ಮೊದಲ ತಿಂಗಳಲ್ಲೇ ನಮಗೆ ಇದನ್ನ ಕಲಿಸಿದ್ರಿಂದ ನಾವೇ ನೆರಳಿಗೆ ಎತ್ಕೊಂಡು ಹೋಗಿ ಟೀಶರ್ಟ್ ಬಿಚ್ಚಿ ಆ ಡ್ರಮ್ ನೀರು ಪೂರ್ತಿ ಮೈ ಮೇಲೆ ಸುರಿದು ಟವೆಲ್‌ನಿಂದ ಗಾಳಿ ಬೀಸಿದ್ವಿ, ಪ್ರಜ್ಞೆ ಸರಿ ಇಲ್ದೇ ಇರೋನ ಬಾಯಿಗೆ ನೀರು ಹಾಕ್ಬಾರ್ದು, ಯಾರೋ ಹಾಕೋಕೆ ಹೋದ್ರು ತಡೆದ್ವಿ, ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಬದುಕಿದ. ಮಾತು ತಪ್ಪೋದು, ತೂರಾಡೋದು ಕಂಡ್ರೆ ಅದು ಬರೀ ಸುಸ್ತಲ್ಲ, ಮೈ ಒಳಗಿನ ಶಾಖ 40 ಡಿಗ್ರಿ ದಾಟಿದ ಲಕ್ಷಣ, ಮೊದ್ಲು ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆ ಸಾಗಿಸಿ, ಒಂದೊಂದು ನಿಮಿಷನೂ ಲೆಕ್ಕಕ್ಕೆ ಬರುತ್ತೆ. ಬಿಸಿಲಿಗೆ ಮೈ ಒಗ್ಗೋಕೆ ಹತ್ತು ಹದಿನಾಲ್ಕು ದಿನ ಬೇಕು, ಹೊಸಬರನ್ನ ಮೊದಲ ದಿನವೇ ಹಳಬರ ಜೊತೆ ಓಡ್ಸೋದು ತಪ್ಪು. ನಾನು ದಿನಾ ನೋಡ್ತಿದ್ದದ್ದು ಮೂತ್ರದ ಬಣ್ಣ, ತಿಳಿ ನಿಂಬೆಹಣ್ಣಿನ ನೀರಿನ ಥರ ಇದ್ರೆ ಸರಿ, ಗಾಢ ಹಳದಿ ಇದ್ರೆ ನೀರು ಸಾಲ್ದು. ತುಂಬಾ ಬೆವರಿದ ದಿನ ಬರೀ ನೀರು ಕುಡಿದ್ರೂ ಸಾಕಾಗಲ್ಲ, ಓಆರ್‌ಎಸ್ ಪೊಟ್ಟಣ ಒಂದು ಲೀಟರ್‌ಗೆ, ಅದಿಲ್ಲ ಅಂದ್ರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ ಅರ್ಧ ಚಮಚ ಉಪ್ಪು, ಟೀ ಚಮಚದಲ್ಲಿ, ಮಟ್ಟಸವಾಗಿ. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದ್ರೂ ನಡೆಯುತ್ತೆ.

ಅದೇ ಜೂನಿಯರ್ ಟ್ರೈನರ್‌ದೇ ಇನ್ನೊಂದು. ರಾತ್ರಿ ರೋಲ್ ಕಾಲ್‌ನಲ್ಲಿ ಮಾತಾಡಿದ್ರು ಅಂತ ಇಬ್ಬರಿಗೆ 600 ಬೈಠಕ್ ರಗಡಾ (ಶಿಕ್ಷೆ) ಕೊಟ್ಟ. ಒಬ್ಬನಿಗೆ ಏನೂ ಆಗ್ಲಿಲ್ಲ, ಇನ್ನೊಬ್ಬನಿಗೆ ಎರಡನೇ ದಿನ ತೊಡೆ ಊದಿ ಕಲ್ಲಾಗಿ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂತು. ಅವನು ನಾಚ್ಕೊಂಡು ಯಾರಿಗೂ ಹೇಳಿರ್ಲಿಲ್ಲ, ಬಾತ್‌ರೂಮಲ್ಲಿ ನನಗೆ ಗೊತ್ತಾಗಿ ಉಸ್ತಾದ್‌ಗೆ ಹೇಳಿದೆ, ಅವರು ಆ ಕ್ಷಣವೇ ಬೈಕಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೋದ್ರು. ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆಯುತ್ತೆ ಅಂತ ಡಾಕ್ಟರ್ ಹೇಳಿದ್ರು, ಮೂರು ದಿನ ಡ್ರಿಪ್ಪು. ಆರ್ಮಿಲಿ ಶಿಕ್ಷೆ ಇರುತ್ತೆ ಅದಕ್ಕೇ ಇಲ್ಲೂ ಅಂತ ಆ ಟ್ರೈನರ್ ವಾದ ಮಾಡ್ದ. ಉಸ್ತಾದ್ ಎಲ್ಲರ ಮುಂದೆ ಹೇಳಿದ ಮಾತು ನನಗೆ ಹಾಗೇ ನೆನಪಿದೆ, ನಾ ವರ್ಷಾನುಗಟ್ಟಲೆ ರಂಗರೂಟ್ ತಯಾರ ಮಾಡೀನಿ, ಒಬ್ಬನ್ನೂ ಆಸ್ಪತ್ರಿಗಿ ಕಳಿಸಾಕ ಮಾಡಿಲ್ಲ. ಮೂತ್ರ ಕಪ್ಪಗೆ ಬಂದ್ರೆ ನಾಚ್ಕೋಬೇಡಿ ಪ್ಲೀಸ್, ಅವತ್ತೇ ಡಾಕ್ಟರ್ ಹತ್ರ ಹೋಗಿ.

ನಿದ್ದೆಗೆ ಯಾಕೆ 1 ಅಂದ್ರೆ, ಒಂದು ತಗಡಿನ ಶೆಡ್ಡಲ್ಲಿ 40 ಜನ, ರಾತ್ರಿ 9.30ರವರೆಗೆ ಎಕ್ಸಾಮ್ ಕ್ಲಾಸು, ಆಮೇಲೆ ಬಟ್ಟೆ, ಫೋನು, ಲೈಟ್ ಆಫ್ ಆಗೋದು 11, ಸೀಟಿ ಹೊಡೆಯೋದು ಬೆಳಿಗ್ಗೆ 4ಕ್ಕೆ. 5 ಗಂಟೆ ನಿದ್ದೆ. 18-19 ವಯಸ್ಸಿನವರಿಗೆ ಓಡೋದು ಬಿಟ್ರೂ 7-8 ಗಂಟೆ ಬೇಕು, ಓಡಿ ಹರಿದ ಮೈ ಕೂಡೋದೇ ನಿದ್ದೇಲಿ. ನಾಲ್ಕು ತಿಂಗಳಲ್ಲಿ ನನ್ನ ಒಳ್ಳೆ ಟೈಮಿಂಗ್ ಎಲ್ಲಾ ಬಂದಿದ್ದು ಯುಗಾದಿಗೆ ಮೂರು ದಿನ ಊರಿಗೆ ಹೋಗಿ ಬಂದ್ಮೇಲೆ, ಆ ವಾರ ಟ್ರಯಲಲ್ಲಿ 5.46. ಮೂರು ದಿನ ಏನೂ ಮಾಡಿರ್ಲಿಲ್ಲ, ಮಲಗಿದ್ದು, ತಿಂದಿದ್ದು ಅಷ್ಟೇ. ಅವತ್ತಿಂದ ನಾನು ಫೋನ್ ಟ್ರಂಕಲ್ಲಿ ಹಾಕಿ 9.45ಕ್ಕೇ ಕಣ್ಣಿಗೆ ಟವೆಲ್ ಕಟ್ಕೊಂಡು ಮಲಗ್ತಿದ್ದೆ, ಮಧ್ಯಾಹ್ನ ಒಂದು ಗಂಟೆ. ಸೆಲೆಕ್ಟ್ ಆದ್ಮೇಲೆ ಸೆಂಟರಲ್ಲೂ ಕಷ್ಟ ಇರುತ್ತೆ ನಿಜ, ಅಲ್ಲಿ ಆರೇಳು ತಿಂಗಳು ಟ್ರೈನಿಂಗು, ಹತಿಯಾರ ಬೆನ್ನಿಗೆ ಹಾಕ್ಕೊಂಡು 5 ಕಿಲೋಮೀಟರ್ ಓಡೋ ಬಿಪಿಇಟಿ ಟೆಸ್ಟ್ ಎಲ್ಲಾ ಇದೆ, ಅದಕ್ಕೆ ಈಗ್ಲೇ ಮೈ ಮುರ್ಕೊಂಡು ಹೋದ್ರೆ ಏನು ಪ್ರಯೋಜನ.

ಶುಚಿತ್ವದ ಬಗ್ಗೆ ಒಂದು ಮಾತು, ಒದ್ದೆ ಸಾಕ್ಸ್, ಒದ್ದೆ ಚಡ್ಡಿ, ಒಬ್ಬರ ಟವೆಲ್ ಇನ್ನೊಬ್ಬರು, ಹೀಗಾಗಿ ಅರ್ಧ ಶೆಡ್ಡಿಗೆ ಗಜಕರ್ಣ. ಮೆಡಿಕಲ್ ಶಾಪಲ್ಲಿ ಕೊಡೋ ಸ್ಟಿರಾಯ್ಡ್ ಮಿಕ್ಸ್ ಇರೋ ಕ್ರೀಮ್ ಹಚ್ಚಿದ್ರೆ ಎರಡು ದಿನ ಕಮ್ಮಿ ಅನಿಸಿ ಆಮೇಲೆ ಇನ್ನೂ ಹರಡುತ್ತೆ, ಸರ್ಕಾರಿ ಆಸ್ಪತ್ರೆ ಚರ್ಮದ ಡಾಕ್ಟರ್‌ಗೆ ತೋರ್ಸಿ, ಹೇಳಿದಷ್ಟು ವಾರ ಬಿಡ್ದೇ ಹಚ್ಚಿ. ನಾಲ್ಕು ಜೊತೆ ಸಾಕ್ಸ್ ತಗೊಂಡು ಹೋಗಿ. ಗುಟ್ಕಾ ಮಾವಾ ವಿಷಯದಲ್ಲಿ ಮಾತ್ರ ಅಕಾಡೆಮಿ ತುಂಬಾ ಸ್ಟ್ರಿಕ್ಟು, ಸಿಕ್ಕಿಬಿದ್ರೆ ಮನೆಗೆ ಫೋನು, ಇದು ನನಗೆ ಒಳ್ಳೇದು ಅನಿಸ್ತು, ಮೂರು ಜನ ನಿಜವಾಗ್ಲೂ ಬಿಟ್ರು. ರ‍್ಯಾಲಿ ಹತ್ರ ಬಂದಾಗ ಸ್ಟ್ಯಾಮಿನಾ ಇಂಜೆಕ್ಷನ್ ಅಂತ ಮಾರ್ಕೊಂಡು ಬರೋರು ಇರ್ತಾರೆ, ಗೇಟ್ ಹತ್ರ ಒಬ್ಬ ಬಂದಿದ್ದ, ಉಸ್ತಾದ್ ಓಡಿಸಿದ್ರು. ಅದ್ರಲ್ಲಿ ಏನಿದೆ ಅಂತ ಅವನಿಗೇ ಗೊತ್ತಿರಲ್ಲ, ಓಡುವಾಗ ಹೃದಯಕ್ಕೆ ಏನಾದ್ರೂ ಆದ್ರೆ ವಾಪಸ್ ಬರಲ್ಲ, ಮುಟ್ಟಬೇಡಿ.

ಆಫೀಸಿಗೆ ಸೊನ್ನೆ ಕೊಟ್ಟಿದ್ದು ಪೌಡರ್ ಡಬ್ಬಕ್ಕೆ ಮಾತ್ರ ಅಲ್ಲ. ಸೇರುವಾಗ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಸ್ಕೊಂಡು, ಬಿಡುವಾಗ ಕೊಡೋಕೆ ಎರಡು ವಾರ ಸತಾಯ್ಸಿದ್ರು, ಒಂದು ತಿಂಗಳ ಫೀಸ್ ಎಕ್ಸ್‌ಟ್ರಾ ಕಟ್ಟು ಅಂತ. ಅಪ್ಪ ಕೆಲಸ ಬಿಟ್ಟು ಬಸ್ಸಲ್ಲಿ ರಾತ್ರಿಯೆಲ್ಲಾ ಬಂದು ಕೂತು ಇಸ್ಕೊಂಡ್ರು. ಒರಿಜಿನಲ್ ಯಾರಿಗೂ ಕೊಡ್ಬೇಡಿ, ಜೆರಾಕ್ಸ್ ಮಾತ್ರ.

ಬಿಟ್ಟು ಬಂದ್ಮೇಲೆ ಎಕ್ಸಾಮ್ ಪಾಸಾಯ್ತು, ರ‍್ಯಾಲಿವರೆಗೂ ಊರಲ್ಲೇ ಕೆರೆ ಏರಿ ಮೇಲೆ ಉಸ್ತಾದ್ ಹೇಳಿದ ಹಾಗೇ ವಾರಕ್ಕೆ ಎರಡು ದಿನ ಜೋರು, ಉಳಿದಿದ್ದು ನಿಧಾನ. ಮಳೆಲಿ ನೆಂದ ಗ್ರೌಂಡಲ್ಲಿ ನಮ್ಮ ಬ್ಯಾಚು ಓಡ್ತು, ಶುರುವಲ್ಲೇ ತಳ್ಳಾಟ, ಮುಂದಿದ್ದ ಇಬ್ಬರು ಬಿದ್ರು, ನಾನು ಮೊದಲ ರೌಂಡು ಹಿಂದೇನೇ ಇದ್ದೆ, ಅಕ್ಕಪಕ್ಕದೋರೆಲ್ಲ ಹೋಗ್ತಿದ್ರೆ ಎದೆ ಡವಡವ ಅಂತಿತ್ತು, ಆದ್ರೂ ಇದ್ದೆ. ಮೂರನೇ ರೌಂಡಲ್ಲಿ ಒಬ್ಬೊಬ್ಬರೇ ಹಿಂದೆ ಬಿದ್ರು. 5.38. ಬೀಮ್ 10. ಒಟ್ಟು 88. ಎಕ್ಸಲೆಂಟ್ (60 ಮಾರ್ಕ್ಸ್) ಗ್ರೂಪ್‌ಗೆ 8 ಸೆಕೆಂಡ್ ಲೇಟ್ ಆಯ್ತು, ನಿದ್ದೆ ಆ ನಾಲ್ಕು ತಿಂಗಳು ಸರಿಯಾಗಿ ಮಾಡಿದ್ರೆ ಅದೂ ಬರ್ತಿತ್ತು ಅಂತ ನನಗೆ ಅನ್ಸುತ್ತೆ. ಮೆಡಿಕಲಲ್ಲಿ ನನ್ನ ಪಕ್ಕದವನಿಗೆ ಕಿವಿ ಗುಗ್ಗೆಯಿಂದ ಒಳಗೆ ಕಾಣ್ತಿಲ್ಲ ಅಂತ ನಿಲ್ಲಿಸಿದ್ರು, ನೀವು ಎರಡು ವಾರ ಮುಂಚೆನೇ ಇಎನ್‌ಟಿ ಡಾಕ್ಟರ್ ಹತ್ರ ಕ್ಲೀನ್ ಮಾಡ್ಸಿ, ಮನೇಲಿ ಕಡ್ಡಿ ಹಾಕ್ಬೇಡಿ. ನಂದು ಫಿಟ್ ಬಂತು, ಮೆರಿಟ್ ಲಿಸ್ಟ್‌ಗೆ ಕಾಯ್ತಿದೀನಿ.

ಸೇರ್ಬೇಕಾ ಅಂತ ಕೇಳಿದ್ರೆ, ಕೈಯಲ್ಲಿ ನಾಲ್ಕು ತಿಂಗಳು ಇದ್ದು ಗ್ರೌಂಡಲ್ಲಿ ಇಂಥ ಒಬ್ಬ ಉಸ್ತಾದ್ ಇದ್ರೆ ಸೇರಿ. 45 ದಿನದ ಕ್ರ್ಯಾಶ್ ಕೋರ್ಸ್ ಅಂತ ಬೋರ್ಡ್ ಹಾಕಿರ್ತಾರೆ, ಅದಕ್ಕೆ ಹೋಗ್ಬೇಡಿ, ಅಷ್ಟರಲ್ಲಿ ಮೂಳೆ ತಯಾರಾಗಲ್ಲ, ನನ್ನ ಪಕ್ಕದ ಬೆಡ್ಡಿನವನ ಥರ ಆಗುತ್ತೆ. ಹೋಗಿ ನೋಡುವಾಗ ಆಫೀಸಲ್ಲಿ ಕೂರ್ಬೇಡಿ, ಬೆಳಿಗ್ಗೆ 5ಕ್ಕೆ ಗ್ರೌಂಡಿಗೆ ಹೋಗಿ ನೀರಿನ ಡ್ರಮ್ ಎಷ್ಟಿದೆ ನೋಡಿ, ಮೆಸ್ಸಲ್ಲಿ ಒಂದು ಊಟ ಮಾಡಿ, ಮಲಗೋ ಜಾಗ ನೋಡಿ, ಒಬ್ಬ ಹಳೆ ಹುಡುಗನ ಹತ್ರ ಪಕ್ಕಕ್ಕೆ ಕರ್ದು ಎಷ್ಟು ಗಂಟೆ ಮಲಗ್ತೀಯ ಅಂತ ಕೇಳಿ. ಟ್ರಂಕಲ್ಲಿ ಒಂದು ಕೆಜಿ ರಾಗಿ ಹಿಟ್ಟು, ನಾಲ್ಕು ಜೊತೆ ಸಾಕ್ಸ್, ನಿಮ್ಮದೇ ಒಂದು ನೀರಿನ ಬಾಟಲಿ, ಹತ್ತು ಓಆರ್‌ಎಸ್ ಪೊಟ್ಟಣ ಇಟ್ಕೊಂಡು ಹೋಗಿ. ಉಸ್ತಾದ್ ಯಾರು ಅಂತ ಖಾಸಗಿಯಾಗಿ ಕೇಳಿದ್ರೆ ನಾನು ಹೇಳಲ್ಲ, ಆದ್ರೆ ಟ್ರೈನಿಂಗ್ ಬಗ್ಗೆ ಏನಾದ್ರೂ ಡೌಟ್ ಇದ್ರೆ ಕೇಳಿ, ಲಿಸ್ಟ್ ಬರೋವರೆಗೂ ಊರಲ್ಲೇ ಇರ್ತೀನಿ, ಬೆಳಿಗ್ಗೆ ಓಡಿ ಬಂದ್ಮೇಲೆ ಉತ್ತರ ಕೊಡ್ತೀನಿ.